ಯಾವ ಬಸ್ತ್ಯಾಂವ?

ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಮಸೂರವನ್ನು ಅದಕ್ಕೆ ತಾಗುವಷ್ಟು ಇಳಿಸಿ, ಕಣ್ಣಿಟ್ಟು ನೋಡಿದೆ. ಒಂದೇ ನೋಟಕ್ಕೆ ಗೊತ್ತಾಯಿತು. ಮಲೇರಿಯಾ ಇದ್ದರೂ ಸಾಮಾನ್ಯವಾಗಿ ಹುಡುಕಬೇಕಾಗುತ್ತದೆ. ಸ್ಲೈಡನ್ನು ಅತ್ತಿತ್ತ ಸರಿಸುತ್ತ ಹೋದರೆ ಎಲ್ಲೋ ಒಂದು ಕಡೆ ರೋಗಾಣು ಸಿಗುತ್ತದೆ. ಇಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಎಲ್ಲಿಗೆ ಸರಿಸಿದರೂ ಕೆಂಪು ಚುಕ್ಕೆ ಹೊತ್ತ ಪುಟ್ಟ ನೀಲಿ ಉಂಗುರಗಳು, ನಡುನಡುವೆ ಕುಡುಗೋಲಿನಂತೆ ಬಾಗಿದ ಆಕಾರಗಳು. ಮಿದುಳಿಗೆ ಏರುವ ಜಾತಿಯ ಮಲೇರಿಯಾ. ಈ ರಕ್ತ ಯಾರದೋ, ಅವರು ಎದ್ದು ಓಡಾಡುವ ಸ್ಥಿತಿಯಲ್ಲಿ ಇರುವುದು ಸಾಧ್ಯವಿರಲಿಲ್ಲ.

ಸ್ಲೈಡಿಗೆ ಸುತ್ತಿದ್ದ ಚೀಟಿಯನ್ನು ನೋಡಿದೆ. ಪೆನ್ಸಿಲಿನಲ್ಲಿ ಬರೆದ ಒಂದೇ ಪದವಿತ್ತು: ಬಸ್ತ್ಯಾಂವ.

ತೊಂಬತ್ತರ ದಶಕದ ನಡುಭಾಗ ಅದು. ನಾನು ಹಳಿಯಾಳದ ಸರಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಧಾರವಾಡದಿಂದ ಬಂದು ಇನ್ನೂ ಒಂದು ಮಳೆಗಾಲ ಮಾತ್ರ ಕಳೆದಿತ್ತು. ಮಳೆ ಹಿಂದೆ ಸರಿದ ಕೂಡಲೇ ಕಾಡಿನ ಊರುಗಳಲ್ಲಿ ಜ್ವರ ಏಳುತ್ತದೆ ಎಂದು ಎಲ್ಲರೂ ಹೇಳಿದ್ದರು. ಎದ್ದಿತ್ತು. ಊರೂರು ತಿರುಗಿ ಬೆರಳು ಚುಚ್ಚಿ ರಕ್ತ ತರುವ ಕಾರ್ಯಕರ್ತರೊಬ್ಬರು ನಮ್ಮಲ್ಲಿದ್ದರು. ಹಳಿಯಾಳದವರೇ, ಕಾಡಿನ ಪ್ರತಿ ಕಾಲುದಾರಿಯನ್ನೂ ನಡೆದವರು. ಆ ಸಲ ಅವರು ತಂದ ಸ್ಲೈಡುಗಳ ಜೊತೆ ಇರಬೇಕಾದ ವಿವರದ ಹಾಳೆ ಬಂದಿರಲಿಲ್ಲ. ಬಂದದ್ದು ನೀಲಿ ಶಾಯಿ ಹರಡಿ ಮುದ್ದೆಯಾಗಿದ್ದ ಕಾಗದ.

ಅವರನ್ನು ಕರೆಸಿ ಕೇಳಿದೆ.

"ಹಳ್ಳ ದಾಟೂಮುಂದ ಕಾಲು ಜಾರಿತ್ರಿ ಮೇಡಂ. ಸ್ಲೈಡಿನ ಪೆಟಿಗಿ ಮ್ಯಾಲೆತ್ತಿ ಹಿಡಿದೆ. ಚೀಲ ನೀರಾಗ ಮುಣುಗಿತು."

"ಈ ಬಸ್ತ್ಯಾಂವ ಯಾರು? ಯಾವ ಊರು?"

ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ತಲೆ ಕೆರೆದುಕೊಂಡರು. "ಸಿದ್ದಿ ಮಂದಿ ವಾಡಾದಾಗ ತಗೊಂಡಿದ್ದರಿ. ಆದ್ರ ಬಸ್ತ್ಯಾಂವ ಅಂದ್ರ ಒಬ್ಬ ಅಲ್ರಿ. ನಮ್ಮ ಕಡೆ ಬಸಪ್ಪ ಇದ್ದಂಗ. ಒಂದು ವಾಡಾದಾಗ ಇಬ್ಬರು, ಇನ್ನೊಂದರಾಗ ಮೂವರು. ಈ ಸುತ್ತಿನ್ಯಾಗ ಐದಾರು ಬಸ್ತ್ಯಾಂವರ ರಕ್ತ ತಗೊಂಡೇನಿ."

ಉಳಿದ ಬಸ್ತ್ಯಾಂವರ ಸ್ಲೈಡುಗಳೂ ಪೆಟ್ಟಿಗೆಯಲ್ಲೇ ಇದ್ದವು. ಎಲ್ಲವನ್ನೂ ನೋಡಿದೆ. ಅವು ಚೊಕ್ಕಟವಾಗಿದ್ದವು. ಆ ಒಂದು ಸ್ಲೈಡಿನ ಒಡೆಯ ಮಾತ್ರ ಯಾರೆಂದು ತಿಳಿಯಲಿಲ್ಲ.

ವೈದ್ಯಾಧಿಕಾರಿಗಳು ಸ್ಲೈಡಿಗೆ ಕಣ್ಣಿಟ್ಟು ನೋಡಿದರು. ಆಮೇಲೆ, "ಕ್ಲೋರೋಕ್ವಿನ್ ಗುಳಿಗಿ ಕೊಟ್ಟು ಕಳಸೂಣು. ಬಸ್ತ್ಯಾಂವ ಅನ್ನೋರಿಗೆಲ್ಲಾ ನುಂಗಸಲಿ" ಎಂದರು.

"ಇಂವ ಗುಳಿಗಿ ನುಂಗೂ ಸ್ಥಿತಿಯೊಳಗ ಇರಲಿಕ್ಕಿಲ್ರಿ ಸರ್. ಇವನ್ನ ಇಲ್ಲಿಗೇ ತರಬೇಕು."

"ಹಂಗಾದ್ರ ಹುಡುಕ್ರಿ" ಎಂದರು.

ಮರುದಿನ ಬೆಳಿಗ್ಗೆ ದಾಂಡೇಲಿ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಕಾರ್ಯಕರ್ತರ ಹಿಂದೆ ಕಾಡಿನ ಹಾದಿ ಹಿಡಿದೆ. ವಾಡಾ ಎಂದರೆ ಕಾಡಿನ ನಡುವೆ ಗದ್ದೆಯ ತುಣುಕಿನ ಸುತ್ತ ಕೂತ ಕೆಲವು ಮನೆಗಳು. ಮೊದಲನೆಯದರಲ್ಲಿ ಸಿಕ್ಕ ಬಸ್ತ್ಯಾಂವ ಮುದುಕ, ಹಬ್ಬದಲ್ಲಿ ಡೋಲು ಬಾರಿಸುವವರು. ಅಂಗಳದಲ್ಲಿ ಕೂತು ಡೋಲಿಗೆ ಚರ್ಮ ಬಿಗಿಯುತ್ತಿದ್ದರು. ಹೊಟ್ಟೆಯ ಎಡಭಾಗ ಒತ್ತಿ ನೋಡಿದೆ, ಮಲೇರಿಯಾಕ್ಕೆ ಗುಲ್ಮ ಊದಿ ಆಗುವ ಜ್ವರಗಡ್ಡೆ ಇರಲಿಲ್ಲ. ಬೆರಳು ಚುಚ್ಚುವಾಗ ಅವರು ನಗುತ್ತ ಕೇಳಿದರು: "ಬಾಯಾರ, ಯಾವ ಬಸ್ತ್ಯಾಂವ ಬೇಕು ನಿಮಗ? ಸತ್ತವ್ರು ಬೇಕೋ, ಇದ್ದವ್ರು ಬೇಕೋ?"

"ಇದ್ದವ್ರು. ಎಲ್ಲಾರೂ ಒಂದ ಹೆಸರು ಯಾಕ ಇಟ್ಕೊಂಡೀರಿ ಅಜ್ಜಾರ?"

ಅವರು ಒಳಗೆ ಹೋಗಿ ಗೋಡೆಯ ಮೇಲಿದ್ದ ಪಟವನ್ನು ತಂದು ತೋರಿಸಿದರು. ಮರಕ್ಕೆ ಕಟ್ಟಿದ ಒಬ್ಬ ತರುಣ, ಮೈತುಂಬ ಬಾಣ. ಸಂತ ಸೆಬಾಸ್ಟಿಯನ್. ತಮ್ಮವರ ಬಾಯಲ್ಲಿ ಅದು ಬಸ್ತ್ಯಾಂವ ಆಗಿದೆ ಎಂದರು. ರೋಮಿನ ರಾಜನ ಸೈನ್ಯದಲ್ಲಿದ್ದವನಂತೆ. ಏಸುವಿನ ದಾರಿ ಹಿಡಿದದ್ದು ರಾಜನಿಗೆ ಗೊತ್ತಾಗಿ, ಮರಕ್ಕೆ ಕಟ್ಟಿಸಿ ಬಾಣ ಬಿಡಿಸಿದನಂತೆ. ಸತ್ತನೆಂದು ಬಿಟ್ಟು ಹೋದ ಮೇಲೆ ಒಬ್ಬ ಹೆಣ್ಣುಮಗಳು ಬಂದು ನೋಡಿದರೆ ಉಸಿರಿತ್ತು. ಮನೆಗೆ ಒಯ್ದು ಬಾಣ ಕಿತ್ತು ಔಷಧ ಹಾಕಿ ಬದುಕಿಸಿದಳು.

"ಬದುಕಿ ಏನು ಮಾಡಿದಾ?"

"ತಿರುಗಿ ಆ ರಾಜನ ಮುಂದನ ಹೋಗಿ ನಿಂತಾ. ಈ ಸಲ ಬಡದು ಕೊಂದ್ರು." ಅಜ್ಜ ಪಟದ ಧೂಳನ್ನು ಅಂಗೈಯಿಂದ ಒರೆಸಿದರು. "ರೋಗ ಬಂದಾಗ ಅವನ್ನ ನೆನೀತೀವಿ. ಅದಕ್ಕ ಈ ಹೆಸರು."

ಅದೇ ವಾಡಾದ ಎರಡನೇ ಬಸ್ತ್ಯಾಂವ ಬಿದಿರು ಕಡಿಯಲು ಹೋಗಿದ್ದ. ಹೋಗಿ ಹುಡುಕಿದೆವು, ಕತ್ತಿ ಕೆಳಗಿಡದೆ ಎಡಗೈ ಚಾಚಿದ. ಪಕ್ಕದ ವಾಡಾದಲ್ಲಿ ಇನ್ನೂ ಇಬ್ಬರು ಸಿಕ್ಕರು. ಎಲ್ಲರೂ ಗಟ್ಟಿಯಾಗಿದ್ದರು. ಮೂರನೆಯ ವಾಡಾ ಎಲ್ಲಕ್ಕಿಂತ ಒಳಗೆ, ಹಳ್ಳದಾಚೆ ಇತ್ತು. ಕಾರ್ಯಕರ್ತರು ದಾರಿಯುದ್ದಕ್ಕೂ ಹೇಳುತ್ತಿದ್ದರು: "ಅಲ್ಲೊಬ್ಬ ಎತ್ತರದಂವ ಇದ್ದಾರಿ. ಶಿಲುಬಿ ಕಟ್ಟಿ ಮ್ಯಾಲ ಕಂಬಳಿ ಹೊದ್ದು ಕುಂತಿದ್ದ. ಕೈ ನಡಗತಿತ್ತು. ಅಂವನ ಇರಬೇಕು."

ನಾವು ಕಾಲಿಟ್ಟ ಕೂಡಲೇ ಅಂಗಳಗಳು ಖಾಲಿಯಾದವು. ಭತ್ತ ಕೇರುತ್ತಿದ್ದ ಒಬ್ಬ ಹೆಂಗಸು ಮಾತ್ರ ಕೈ ನಿಲ್ಲಿಸದೆ ಕೂತಿದ್ದಳು.

"ಬಸ್ತ್ಯಾಂವ ಎಲ್ಲಿದಾನವಾ?" ಎಂದೆ.

"ಆ ಹೆಸರಿನವ್ರು ಇಲ್ಲಿ ಯಾರೂ ಇಲ್ರಿ."

ಅವಳ ಹಿಂದೆ, ತೆರೆದ ಬಾಗಿಲಿನ ಒಳಗೋಡೆಯಲ್ಲಿ ಅದೇ ಬಾಣದ ಪಟ ನೇತಾಡುತ್ತಿತ್ತು, ಕಾಡುಹೂವಿನ ಮಾಲೆ ಹಾಕಿಸಿಕೊಂಡು. ಕಾರ್ಯಕರ್ತರು "ಮೊನ್ನೆ ನಾನ ರಕ್ತ ತಗೊಂಡೇನಲ್ಲ" ಎಂದರು. "ನೀವು ಬ್ಯಾರೆ ಊರಾಗ ತಗೊಂಡಿರಬೇಕು" ಎಂದು ಅವಳು ಮೊರದಲ್ಲಿದ್ದ ಹೊಟ್ಟನ್ನು ನಮ್ಮ ಕಡೆಗೇ ತೂರಿದಳು. ಉಳಿದ ಮನೆಗಳ ಬಾಗಿಲು ಬಡಿದೆವು. ಒಳಗೆ ಜನ ಇದ್ದಾರೆಂದು ಗೊತ್ತಾಗುತ್ತಿತ್ತು, ಯಾರೂ ತೆರೆಯಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು, ವಾಪಸಾದೆವು.

ರಸ್ತೆಗೆ ಬಂದು ಚಹಾದ ಗೂಡಂಗಡಿಯಲ್ಲಿ ಕೂತಾಗ, ಬೆಳಿಗ್ಗೆ ನಮ್ಮ ಮಾತು ಕೇಳಿಸಿಕೊಂಡಿದ್ದ ಅಂಗಡಿಯವನು ಕೇಳಿದ: "ಸಿಕ್ಕನೇನ್ರಿ ನಿಮ್ಮ ಬಸ್ತ್ಯಾಂವ?" ಇಲ್ಲ ಎಂದೆ. ಅವನು ಗಾಜಿನ ಲೋಟ ತೊಳೆಯುತ್ತ ಹೇಳಿದ: "ಹೆಂಗ ಸಿಗತಾನ್ರಿ? ನಿನ್ನಿ ಹಳ್ಳದಾಚಿ ವಾಡಾದಾಗ ಫಾರೆಸ್ಟ್ ಗಾರ್ಡರೂ ಬಸ್ತ್ಯಾಂವ ಎಲ್ಲಿ, ಬಸ್ತ್ಯಾಂವ ಎಲ್ಲಿ ಅಂತ ಕೇಳ್ಕೋತ ಹೊಂಟಿದ್ರು. ಯಾವನೋ ಸಾಗವಾನಿ ಕಡದು ಓಡ್ಯಾನಂತ. ಹೆಸರು ಬಸ್ತ್ಯಾಂವ ಅಂತ ಅಷ್ಟ ಗೊತ್ತು ಅವ್ರಿಗೆ. ಅಲ್ಲಿ ಆ ಹೆಸರಿನವ್ರೆಲ್ಲಾ ಈಗ ಮನ್ಯಾಗ ಇಲ್ಲ."

ಹಳಿಯಾಳಕ್ಕೆ ಬಂದು ದಿನದ ಸ್ಲೈಡುಗಳಿಗೆ ಬಣ್ಣ ಹಾಕಿ ನೋಡಿದೆ. ಒಂದರಲ್ಲೂ ಏನೂ ಇರಲಿಲ್ಲ. ಅಲ್ಲಿಗೆ ಸಂಶಯ ಮುಗಿಯಿತು. ಕಂಬಳಿ ಹೊದ್ದು ಕೂತಿದ್ದ ಆ ಎತ್ತರದವನೇ ಆಗಿರಬೇಕು. ಅವನು ಎಲ್ಲಿದ್ದಾನೆಂದು ಆ ವಾಡಾಕ್ಕೆ ಗೊತ್ತಿತ್ತು, ಮತ್ತು ಆ ವಾಡಾ ಹೇಳುವುದಿಲ್ಲ. ನಾನು ಎಷ್ಟು ಸಲ ಹೋಗಿ ಆ ಹೆಸರು ಕೇಳಿದರೂ ಅಷ್ಟೇ. ಕೇಳಿದಷ್ಟೂ ಅವನನ್ನು ಇನ್ನೂ ಒಳಗೆ ಒಯ್ದು ಅಡಗಿಸುತ್ತಾರೆ.

ಸೂಕ್ಷ್ಮದರ್ಶಕಕ್ಕೆ ಮುಸುಕು ಹಾಕುವಾಗ ಒಂದು ಯೋಚನೆ ಬಂತು. ಕೇಳುವುದನ್ನು ಬಿಡಬೇಕು, ತೋರಿಸಬೇಕು. ನೇರವಾಗಿ ವೈದ್ಯಾಧಿಕಾರಿಗಳ ಕೋಣೆಗೆ ಹೋದೆ.

"ಸರ್, ಮೈಕ್ರೋಸ್ಕೋಪ್ ತಗೊಂಡು ಹೋಗತೇನ್ರಿ ನಾಳೆ."

"ಎಲ್ಲಿಗೆ?"

"ಆ ವಾಡಾಕ್ಕ."

ಅವರು ಪೆನ್ನು ಕೆಳಗಿಟ್ಟರು. "ಇಡೀ ದವಾಖಾನಿಗೆ ಇದೊಂದ ಐತಿ. ಹಳ್ಳದಾಗ ಬಿದ್ರ ಈ ಜ್ವರದ ಹಂಗಾಮಿನ್ಯಾಗ ಒಬ್ಬರದೂ ರಕ್ತ ನೋಡಾಕ ಆಗೂದಿಲ್ಲ. ಒಬ್ಬನ ಸಲುವಾಗಿ ಎಲ್ಲಾರನ್ನೂ ಪಣಕ್ಕ ಇಡತೀರೇನು?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನನ್ನ ಬಳಿ ಒಂದೇ ಉತ್ತರವಿತ್ತು. "ಇವನ ಮೈಯಾಗಿಂದ ಸೊಳ್ಳಿ ಇಡೀ ವಾಡಾಕ್ಕ ಹರವತೈತ್ರಿ ಸರ್. ಬಾಗಿಲಾ ಹಾಕ್ಕೊಂಡು ಕುಂತ್ರ ನಮಗ ಯಾರೂ ರಕ್ತ ಕೊಡೂದಿಲ್ಲ. ಇವತ್ತಿಗೂ ಇಲ್ಲ, ಮುಂದೂ ಇಲ್ಲ."

ಅವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. "ಸಂಜಿಗೆ ವಾಪಸ್ ಬರಬೇಕು. ಅದೂ, ನೀವೂ" ಎಂದರು.

ಮಸೂರಗಳನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿದೆ. ಸೂಕ್ಷ್ಮದರ್ಶಕದ ಉಳಿದ ಭಾಗವನ್ನು ನನ್ನ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೆ. ಹಳ್ಳದಲ್ಲಿ ನೀರು ಮೊಣಕಾಲು ದಾಟಿತ್ತು. ಕಾರ್ಯಕರ್ತರು ಗಂಟನ್ನು ತಲೆಯ ಮೇಲಿಟ್ಟುಕೊಂಡರು. ನಾನು ಕೆಳಗಿನ ದಿಕ್ಕಿನಲ್ಲಿ ಅವರಿಗೆ ಒತ್ತಾಗಿ ನಡೆದೆ, ಜಾರಿದರೆ ನನ್ನ ಮೇಲೆ ಬೀಳಲಿ ಎಂದು. ಈ ಸಲ ಅವರ ಕಾಲು ಜಾರಲಿಲ್ಲ.

ವಾಡಾದ ನಡುವೆ ಸುಣ್ಣ ಬಳಿದ ಶಿಲುಬೆ, ಅದಕ್ಕೊಂದು ಕಟ್ಟೆ. ಯಾರನ್ನೂ ಕರೆಯದೆ, ಯಾರ ಬಾಗಿಲನ್ನೂ ಬಡಿಯದೆ ಕಟ್ಟೆಯ ಮೇಲೆ ಕೌದಿ ಹಾಸಿ ಸೂಕ್ಷ್ಮದರ್ಶಕವನ್ನು ನಿಲ್ಲಿಸಿದೆ. ಮಸೂರ ಕೂರಿಸಿದೆ. ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಬೆಳಕು ಹಿಡಿದೆ. ಸ್ಲೈಡು ಇಟ್ಟು, ಎಣ್ಣೆ ಬಿಟ್ಟು, ಉಂಗುರಗಳು ಚೊಕ್ಕಟವಾಗಿ ಕಾಣುವವರೆಗೆ ತಿರುಪಿದೆ. ಆಮೇಲೆ ಸ್ವಲ್ಪ ದೂರ ಸರಿದು ಕೂತೆ.

ಮೊದಲು ಕೋಳಿಗಳು ಬಂದವು. ಆಮೇಲೆ ಒಂದು ಬಾಗಿಲು ತೆರೆಯಿತು. ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ನಮ್ಮನ್ನು ಅಲ್ಲ, ಆ ಯಂತ್ರವನ್ನೇ ನೋಡುತ್ತ ಕೇಳಿದಳು: "ಏನದು?"

"ನೋಡ್ರಿ ಆಯಿ. ಒಂದು ಕಣ್ಣು ಮುಚ್ಚಿ ನೋಡ್ರಿ."

ಅವಳು ಬಾಗಿದಳು. "ನನ್ನ ರೆಪ್ಪಿ ಕಾಣತಾವ" ಎಂದಳು. ಇನ್ನೂ ಸ್ವಲ್ಪ ಹತ್ತಿರ, ಅಲುಗಾಡಬೇಡಿ ಎಂದೆ. ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಭತ್ತ ಕೇರುತ್ತಿದ್ದ ಹೆಂಗಸೂ ಇನ್ನೂ ಕೆಲವರೂ ಕಟ್ಟೆಯ ಸುತ್ತ ನಿಂತಿದ್ದರು.

"ಉಂಗುರ ಇದ್ದಂಗ ಅದಾವಲ್ಲ" ಎಂದಳು ಮುದುಕಿ.

"ಅವು ಜ್ವರದ ಹುಳ ಆಯಿ. ಇದು ಒಬ್ಬ ಮನಷ್ಯಾನ ಒಂದ ಒಂದು ಹನಿ ರಕ್ತ. ಅದರಾಗ ಇಷ್ಟು ಅದಾವ. ಮೈತುಂಬ ಎಷ್ಟು ಇರಬೇಕು ನೀವ ಹೇಳ್ರಿ."

"ಯಾರ ರಕ್ತ?"

"ಅವನ ಹೆಸರಷ್ಟ ಗೊತ್ತು ನನಗ. ಅಂವ ಎಲ್ಲಿದಾನ ಅಂತ ನಾ ನಿಮ್ಮನ್ನ ಕೇಳೂದಿಲ್ಲ. ಫಾರೆಸ್ಟಿನವ್ರಿಗೂ ನನಗೂ ಸಂಬಂಧ ಇಲ್ಲ. ಈ ಹುಳ ತಲೀಗೆ ಏರಿದ್ರ ಮೊದಲ ಬಡಬಡಸತಾನ, ಆಮ್ಯಾಲೆ ಎಚ್ಚರ ತಪ್ಪತೈತಿ, ಆಮ್ಯಾಲೆ ಎಬ್ಬಸಾಕ ಬರೂದಿಲ್ಲ. ಇಷ್ಟು ಹೇಳಾಕ ಬಂದೇನಿ."

ಭತ್ತದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದುಕಿ ಕಟ್ಟೆಯ ಮೇಲೆ ಕೂತು, ಶಿಲುಬೆಗೆ ಬೆನ್ನು ಕೊಟ್ಟು, ಕೋಲನ್ನು ತೊಡೆಯ ಮೇಲಿಟ್ಟುಕೊಂಡಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ.

"ಮೊದಲ್ನೇ ಬಸ್ತ್ಯಾಂವ ಗೋವಾದಿಂದ ಘಟ್ಟ ಹತ್ತಿ ಓಡಿ ಬಂದಂವ. ಅವನ ಖರೇ ಹೆಸರು ಏನಿತ್ತೋ ಯಾರಿಗೂ ಗೊತ್ತಿಲ್ಲ. ಗುಲಾಮ ಅಂತ ಕೊಂಡುಕೊಂಡ ಧಣಿ ಇಟ್ಟ ಹೆಸರದು. ಬೆನ್ನ ಮ್ಯಾಲಿನ ಬಾಸುಂಡಿ ಮತ್ತ ಆ ಹೆಸರು, ಎರಡ ತಂದಿದ್ದ ತನ್ನ ಜೋಡಿ. ಅವನ ಮೊಮ್ಮಗ ಬಸ್ತ್ಯಾಂವ. ಪ್ಲೇಗ್ ಬಂದಾಗ ಮಂದಿ ಮನಿ ಬಿಟ್ಟು ಓಡಿದ್ರ ಅಂವ ಇದ್ದು ಸತ್ತವ್ರನ್ನ ಮಣ್ಣು ಮಾಡಿದ. ಅವನಿಗೇನೂ ಆಗಲಿಲ್ಲ. ಸಂತನ ಹೆಸರು ಕಾಯ್ತು ಅಂದ್ರು. ಅಲ್ಲಿಂದ ಮನಿಗೊಬ್ಬ ಬಸ್ತ್ಯಾಂವ ಆದ. ನನ್ನ ಗಂಡನೂ ಬಸ್ತ್ಯಾಂವ. ಮರ ಕಡಿಯೂ ಕೂಪಿನ್ಯಾಗ ದಿಮ್ಮಿ ಮೈಮ್ಯಾಲೆ ಉರುಳಿ ಹೋದ. ಮೊಮ್ಮಗ ಹುಟ್ಟಿದಾಗ ನಾನ ಅದ ಹೆಸರು ಇಟ್ಟೆ." ಅವಳು ಕೋಲನ್ನು ನೆಲಕ್ಕೆ ಊರಿದಳು. "ಈಗ ಆ ಹೆಸರು ಹಿಡದು ಕೂಗಾಕ ಅಂಜಿಕಿ ನಮಗ."

ಎದ್ದಳು. ನನ್ನ ಮುಂಗೈ ಹಿಡಿದಳು. "ಬಾ" ಎಂದಳು.

ವಾಡಾದ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಕಾಡುಹಂದಿಯಿಂದ ಬೆಳೆ ಕಾಯಲು ಕಟ್ಟಿದ ಗುಡಿಸಲು. ಒಳಗೆ ಅವನು ಮಲಗಿದ್ದ. ಕಣ್ಣು ಅರ್ಧ ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ತುಟಿ ಒಡೆದಿತ್ತು, ಕಣ್ಣಿನ ಬಿಳಿ ಹಳದಿಯಾಗಿತ್ತು. ಎಡ ಪಕ್ಕೆಯ ಕೆಳಗೆ ಜ್ವರಗಡ್ಡೆ ಗಟ್ಟಿಯಾಗಿ ಕೈಗೆ ಸಿಕ್ಕಿತು. ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಅಜ್ಜಿ ಕೂಗಿದಾಗ ರೆಪ್ಪೆ ಸ್ವಲ್ಪ ಅದುರಿತು.

ಹೊತ್ತುಕೊಂಡು ಹೋಗಬೇಕಿತ್ತು. ಕಂಬಳಿಯನ್ನು ಬಿದಿರಿಗೆ ಕಟ್ಟಿ ಜೋಲಿ ಮಾಡಿದರು. ಆದರೆ ಹೊರುವವರು? ಮುದುಕಿ ಗುಡಿಸಲಿನ ಹೊರಗೆ ನಿಂತು ಕಾಡಿನ ಕಡೆ ತಿರುಗಿ ತಮ್ಮ ಮಾತಿನಲ್ಲಿ ಗಟ್ಟಿಯಾಗಿ ಏನೋ ಕೂಗಿದಳು. ನನಗೆ ಅರ್ಥವಾದದ್ದು ಆ ಹೆಸರೊಂದೇ. ಮರಗಳ ನಡುವಿನಿಂದ ಒಬ್ಬೊಬ್ಬರೇ ಗಂಡಸರು ಇಳಿದು ಬಂದರು. ಅವರಲ್ಲಿ ಇನ್ನೂ ಇಬ್ಬರು ಬಸ್ತ್ಯಾಂವರಿದ್ದರು. ಹೊರಗೆ ಕಾಣಿಸಿಕೊಂಡರೆ ಏನಾಗಬಹುದೆಂದು ಗೊತ್ತಿದ್ದೂ ಅವರೇ ಮುಂದಿನ ತುದಿಗೆ ಹೆಗಲು ಕೊಟ್ಟರು.

ಬಸ್ಸಿಗಾಗಿ ಕಾಯುವ ಹಾಗಿರಲಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಇಳಿಸಿ ಹಳಿಯಾಳದ ಕಡೆ ಹೊರಟಿದ್ದ ಖಾಲಿ ಲಾರಿಗೆ ಅಡ್ಡ ನಿಂತೆ. ಚಾಲಕ ಬೆಳಗಾವಿ ಕಡೆಯವನು. ಬೈಯಲು ಬಾಯಿ ತೆರೆದವನು ಜೋಲಿ ನೋಡಿ ಸುಮ್ಮನೆ ಇಳಿದು ಹಿಂದಿನ ಹಲಗೆ ಬಿಚ್ಚಿದ. ಬಿದಿರಿನ ಸಿಬಿರುಗಳ ಮೇಲೆ ನನ್ನ ಕೌದಿ ಹಾಸಿ ಅವನನ್ನು ಮಲಗಿಸಿದೆವು. ಸೂಕ್ಷ್ಮದರ್ಶಕ ನನ್ನ ಸೆರಗಿನಲ್ಲಿತ್ತು. ಮುದುಕಿಯೂ ಆ ಇಬ್ಬರೂ ಹತ್ತಿದರು.

ಅರಣ್ಯ ಇಲಾಖೆಯ ತಪಾಸಣೆ ನಾಕಾದಲ್ಲಿ ಅಡ್ಡಗಂಬ ಬಿದ್ದಿತ್ತು. ಗಾರ್ಡು ಒಬ್ಬರು ಲಾರಿಯ ಹಿಂದೆ ಬಂದು ಇಣುಕಿದರು. "ಯಾರಿವ್ರು?"

"ಪೇಷಂಟ್. ಹಳಿಯಾಳ ದವಾಖಾನಿಗೆ ಒಯ್ಯಾಕತ್ತೇನಿ."

"ಹೆಸರು?"

ಮುದುಕಿಯ ಉಗುರು ನನ್ನ ಮುಂಗೈಗೆ ಇಳಿಯಿತು. ಬೇರೆ ಹೆಸರು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಸುಳ್ಳು ಹೆಸರಿನಲ್ಲಿ ಅವನನ್ನು ದವಾಖಾನೆಗೆ ಸೇರಿಸಿದರೆ ಗುಣವಾದ ಮೇಲೂ ಅವನು ಅಡಗಿಯೇ ಇರಬೇಕಾಗುತ್ತದೆ.

"ಬಸ್ತ್ಯಾಂವ" ಎಂದೆ. "ನೀವು ಹುಡುಕಾಕತ್ತಿದ್ದಂವ ಇಂವನೋ ಅಲ್ಲೋ ನನಗ ಗೊತ್ತಿಲ್ರಿ. ಗೊತ್ತಾಗಬೇಕಂದ್ರ ಮೊದಲು ಇಂವ ಬದುಕಬೇಕು. ಬದುಕಿದ ಮ್ಯಾಲೆ ದವಾಖಾನಿಗೆ ಬಂದು ಕೇಳ್ರಿ, ನಾ ಎಲ್ಲೂ ಹೋಗೂದಿಲ್ಲ."

ಅವರು ಹಲಗೆ ಹಿಡಿದು ಒಂದು ಹೆಜ್ಜೆ ಮೇಲೆ ಹತ್ತಿ, ಮಲಗಿದ್ದವನ ಮುಖ ನೋಡಿದರು. ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಇಬ್ಬರನ್ನೂ ನೋಡಿದರು. ಕೆಳಗಿಳಿದು ಅಡ್ಡಗಂಬದ ಕಡೆ ಕೈ ಮಾಡಿದರು. "ಎತ್ತೋ. ಜಲ್ದಿ ಹೋಗ್ರಿ."

ವೈದ್ಯಾಧಿಕಾರಿಗಳು ಗ್ಲೂಕೋಸಿನಲ್ಲಿ ಕ್ವಿನೈನ್ ಬೆರೆಸಿ ಹನಿಹನಿಯಾಗಿ ಬಿಡಿಸಿದರು. ಆ ಔಷಧಕ್ಕೆ ರಕ್ತದ ಸಕ್ಕರೆ ಇಳಿಯುತ್ತದೆ, ಹಾಗಾಗಿ ಒಬ್ಬರು ಯಾವಾಗಲೂ ಪಕ್ಕದಲ್ಲಿರಬೇಕಿತ್ತು. ಮುದುಕಿ ಅಲುಗಲಿಲ್ಲ. ನಾನು ಮತ್ತೆ ಮತ್ತೆ ಅವನ ಬೆರಳು ಚುಚ್ಚಿ ಸ್ಲೈಡು ನೋಡಿದೆ. ಮರುದಿನ ಅವನಿಗೆ ಫಿಟ್ಸ್ ಬಂತು. ಸ್ಲೈಡಿನಲ್ಲಿ ಉಂಗುರಗಳು ಇನ್ನೂ ಹಾಗೆಯೇ ಇದ್ದವು. ವೈದ್ಯಾಧಿಕಾರಿಗಳು ನನ್ನ ಬೆಂಚಿನ ಬಳಿ ಬಂದು, ತಾವೇ ಕಣ್ಣಿಟ್ಟು ನೋಡಿ ವಾರ್ಡಿಗೆ ಮರಳಿದರು. ಅದರ ಮರುದಿನ ಮೊದಲ ಸಲ ಉಂಗುರಗಳನ್ನು ಹುಡುಕಬೇಕಾಯಿತು. ಸ್ಲೈಡನ್ನು ಸರಿಸುತ್ತ, ಸರಿಸುತ್ತ ಹೋದೆ. ಎಲ್ಲೋ ಒಂದು ಸಿಕ್ಕಿತು. ಎದ್ದು ವಾರ್ಡಿಗೆ ಓಡಿದೆ. ಅವನು ಕಣ್ಣು ಬಿಟ್ಟು ಅಜ್ಜಿಯ ಹತ್ತಿರ ಗಂಜಿ ಕೇಳುತ್ತಿದ್ದ.

ನಾನು ಹೇಳಿದಂತೆ ನಾಕಾದ ಗಾರ್ಡು ದವಾಖಾನೆಗೆ ಬಂದರು. ಹಾಸಿಗೆಯ ಬಳಿ ನಿಂತು ನಾಲ್ಕು ಮಾತಾಡಿಸಿ, ಹೊರಗೆ ಬಂದು ನನಗೆ ಹೇಳಿದರು: "ಇಂವ ಅಲ್ರಿ. ನಮಗ ಬೇಕಾದ ಬಸ್ತ್ಯಾಂವ ಗಿಡ್ಡ, ಜೋಯಿಡಾ ಕಡೆಯಂವ ಅಂತ ನಿನ್ನಿ ಗೊತ್ತಾತು. ಈ ವಾಡಾದ ಮಂದಿಗೆ ಹೇಳ್ರಿ, ಮನ್ಯಾಗ ಮಲಗಲಿ."

ಆ ಮಾತನ್ನು ನಾನೇ ಹೋಗಿ ಹೇಳಿದೆ. ಆ ವಾರ ಆ ವಾಡಾದಲ್ಲಿ ಎಲ್ಲರೂ ಬೆರಳು ಕೊಟ್ಟರು. ಭತ್ತದ ಹೆಂಗಸಿನ ರಕ್ತದಲ್ಲೂ ರೋಗವಿತ್ತು, ಇನ್ನೂ ಕೆಲವರಲ್ಲಿತ್ತು. ಅವಳು ದವಾಖಾನೆಯಲ್ಲಿದ್ದ ಬಸ್ತ್ಯಾಂವನ ಹೆಂಡತಿ ಎಂದು ಆಗ ಗೊತ್ತಾಯಿತು. ಗುಳಿಗೆ ಕೊಟ್ಟು, ನಮ್ಮ ಎದುರೇ ನುಂಗಿಸಿ, ಮನೆಗಳಿಗೆ ಮದ್ದು ಹೊಡೆಸಿದೆವು. ಆ ಹಂಗಾಮಿನಲ್ಲಿ ಅಲ್ಲಿ ಯಾರೂ ಸಾಯಲಿಲ್ಲ.

ಕೊನೆಯ ಗುಳಿಗೆ ಕೊಟ್ಟ ದಿನ ಮುದುಕಿ ಕಹಿಗೆ ಮುಖ ಕಿವಿಚಿಕೊಂಡು ನೀರು ಕುಡಿದು ಕೇಳಿದಳು: "ನಿನ್ನ ಹೆಸರೇನ ಬಾಯಿ?"

ಹೇಳಿದೆ. ಅವಳು ಅದನ್ನು ಎರಡು ಸಲ ಅಂದುಕೊಂಡು ನೋಡಿದಳು. "ಛಲೋ ಐತಿ. ನಿನ್ನಕಿಂತ ಮೊದಲ ಯಾರದಿತ್ತು?"

ಅದನ್ನು ನನಗೆ ಯಾರೂ ಎಂದೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಅವ್ವನನ್ನು ಕೇಳಿದೆ. ಹೋಳಿಗೆ ಲಟ್ಟಿಸುತ್ತಿದ್ದ ಅವಳ ಕೈ ನಿಂತಿತು. "ನಿಮ್ಮಜ್ಜನ ತಂಗೀದು. ಜ್ವರದಾಗ ಹೋದಳಂತ, ಸಣ್ಣ ವಯಸ್ಸಿನ್ಯಾಗ. ನಿಮ್ಮಜ್ಜನ ಆ ಹೆಸರ ಇಡ್ರಿ ಅಂತ ಹಟ ಹಿಡಿದಿದ್ರು. ಯಾಕವಾ?"

ಹಬ್ಬ ಮುಗಿಸಿ ಬಂದ ಮೇಲೆ ಮುಂದಿನ ಸುತ್ತಿನಲ್ಲಿ ಹಳ್ಳ ದಾಟಿ ಹೋಗಿ ಮುದುಕಿಗೆ ಹೇಳಿದೆ. ಅವಳು ಅಂಗಳದಲ್ಲಿ ಕೂತು ಪೂರ್ತಿ ಕೇಳಿದಳು. ಆಮೇಲೆ ಸೊಂಟದ ಸಂಚಿ ಬಿಚ್ಚಿ ಬೆಂಕಿಪೆಟ್ಟಿಗೆ ತೆಗೆದು, ಕೋಲೂರಿ ಎದ್ದು ಶಿಲುಬೆಯ ಕಡೆ ತಿರುಗಿದಳು.

"ನಡಿ. ನಮ್ಮ ಬಸ್ತ್ಯಾಂವರ ಜೋಡಿ ಆಕಿಗೂ ಒಂದು ಮೇಣಬತ್ತಿ ಹಚ್ಚೂಣು."